ಲೋಟದ ರಸ, ಹಿಡಿಯ ಬೀಜ

ಸಹ್ಯಾದ್ರಿಯಿಂದ ಇಳಿದು, ಕೊಕ್ಕರ್ಣೆಯ ಬದಿಯಲ್ಲಿ ಹರಿದು, ಬಾರ್ಕೂರಿನ ಕಡೆಯಿಂದ ಸಮುದ್ರವನ್ನು ಸೇರತಕ್ಕ ಸೀತಾನದಿಯ ಇಕ್ಕೆಲದ ಗ್ರಾಮಗಳಲ್ಲಿ, ಒಂದೆರಡು ತಲೆಮಾರುಗಳ ಹಿಂದಿನವರೆಗೂ ಬೆಳಗಿನ ಆಹಾರವೆಂದರೆ ಕುಚ್ಚಲಕ್ಕಿಯ ಗಂಜಿ, ಅದರ ಬದಿಗೆ ಒಂದಿಷ್ಟು ಚಟ್ನಿ ಅಥವಾ ಉಪ್ಪಿನಕಾಯಿ, ಅನುಕೂಲವಿದ್ದವರಿಗೆ ಒಂದು ಚಮಚ ತುಪ್ಪ, ಇಷ್ಟೇ ಆಗಿದ್ದಿತು. ಇಂದು ಅವೇ ಮನೆಗಳ ಅಡಿಗೆಯ ಕಟ್ಟೆಯ ಮೇಲೆ ಎರಡು ಹೊಸ ಅಭ್ಯಾಸಗಳು ಬಂದು ಕುಳಿತಿವೆ. ಬೂದುಗುಂಬಳವನ್ನೋ ಬಾಳೆದಿಂಡನ್ನೋ ಹಾಗಲಕಾಯಿಯನ್ನೋ ಮಿಕ್ಸಿಯಲ್ಲಿ ಅರೆದು, ಸೋಸಿ, ಬರಿಹೊಟ್ಟೆಯಲ್ಲಿ ಕುಡಿಯುವುದು ಒಂದು. ಬೆಂಗಳೂರಿನಿಂದಲೋ ಮುಂಬಯಿಯಿಂದಲೋ ಕೊಲ್ಲಿ ದೇಶಗಳಿಂದಲೋ ಬಂದ ಬಂಧುಗಳು ತಂದಿತ್ತ ಬಾದಾಮಿ, ಪಿಸ್ತ, ಅಕ್ರೋಟುಗಳ ಡಬ್ಬಿಯಿಂದ ಎಣಿಸಿ ನಾಲ್ಕು ಬೀಜಗಳನ್ನು ನೆನೆಹಾಕಿ ತಿನ್ನುವುದು ಇನ್ನೊಂದು. ಇವೆರಡರಲ್ಲಿ ಹೆಚ್ಚು ಪುಷ್ಟಿಕರವಾದುದು ಯಾವುದು ಎಂಬ ಪ್ರಶ್ನೆ ವೈದ್ಯರ ಕೊಠಡಿಯಲ್ಲಿಯೂ ಮದುವೆಯ ಚಪ್ಪರದಲ್ಲಿಯೂ ಸಮಾನವಾದ ಉತ್ಸಾಹದಿಂದ ಕೇಳಲ್ಪಡುತ್ತಿದೆ. ಉತ್ತರಿಸುವವರೂ ಅಷ್ಟೇ ಉತ್ಸಾಹದಿಂದ, ಹೆಚ್ಚಾಗಿ ತಾವು ಯಾವುದನ್ನು ರೂಢಿಸಿಕೊಂಡಿರುವರೋ ಅದರ ಪರವಾಗಿ, ತೀರ್ಪು ಕೊಡುತ್ತಾರೆ.

ಪ್ರಶ್ನೆಯು ನಿರರ್ಥಕವೆಂದು ನಾನು ಹೇಳುವುದಿಲ್ಲ. ಕೈಯಲ್ಲಿರುವ ಹಣವೂ ಹೊಟ್ಟೆಯಲ್ಲಿರುವ ಸ್ಥಳವೂ ಪರಿಮಿತವಾಗಿರುವಾಗ ಮನುಷ್ಯನು ಆಯ್ಕೆ ಮಾಡಲೇಬೇಕಾಗುತ್ತದೆ. ಆದರೆ ಯಾವ ತಕ್ಕಡಿಯಲ್ಲಿ ತೂಗುತ್ತೇವೆಂಬುದನ್ನು ಮೊದಲು ನಿಶ್ಚಯಿಸಿಕೊಳ್ಳದೆ ತೂಗಲು ಹೊರಟರೆ, ಒಮ್ಮೆ ರಸವೂ ಇನ್ನೊಮ್ಮೆ ಬೀಜವೂ ಗೆಲ್ಲುವುದನ್ನು ನೋಡಿ ಬೆರಗಾಗಬೇಕಾದೀತು.

ಈ ಪ್ರದೇಶದವರಿಗೆ ಈ ವಿಚಾರವನ್ನು ಆಲೋಚಿಸಲು ಒಂದು ವಿಶೇಷವಾದ ಅನುಕೂಲವಿದೆ. ರಸವೂ ಬೀಜವೂ ಒಂದೇ ಮರದಲ್ಲಿ, ಒಂದೇ ತೊಟ್ಟಿನಲ್ಲಿ ತೂಗುವುದನ್ನು ಇಲ್ಲಿ ಪ್ರತಿ ಬೇಸಿಗೆಯಲ್ಲಿಯೂ ಕಾಣಬಹುದು. ಹದಿನಾರನೆಯ ಶತಮಾನದಲ್ಲಿ ಪೋರ್ಚುಗೀಸರು ಬ್ರೆಜಿಲಿನಿಂದ ತಂದು ನಮ್ಮ ಪಶ್ಚಿಮ ಕರಾವಳಿಯಲ್ಲಿ ನೆಲೆಯೂರಿಸಿದ ಗೇರುಮರವು, ಭತ್ತಕ್ಕೂ ಅಡಕೆಗೂ ಒಗ್ಗದ ಹಾಡಿ ಹಕ್ಕಲುಗಳ ಕೆಂಪು ಜಂಬಿಟ್ಟಿಗೆಯ ನೆಲದಲ್ಲಿ, ಯಾರ ಉಪಚಾರವನ್ನೂ ಬೇಡದೆ ಬೆಳೆದು, ಈ ಸೀಮೆಯ ಸ್ವಂತ ವೃಕ್ಷವೆಂಬಂತೆಯೇ ಆಗಿಹೋಗಿದೆ. ತರಕಾರಿಯ ಸಾಲಿಗೆ ಸೇರದಿದ್ದರೂ, ಗೇರಿನ ಹಣ್ಣು ನಮ್ಮ ವಾದಕ್ಕೆ ಒಳ್ಳೆಯ ಸಾಕ್ಷಿ. ನೀರೇ ಪ್ರಧಾನವಾದ ಆ ಹಣ್ಣಿನ ತೂಕವು ಅದರ ತುದಿಯಲ್ಲಿರುವ ಬೀಜದ ತೂಕಕ್ಕಿಂತ ಎಷ್ಟೋ ಪಾಲು ಅಧಿಕ; ಅದರ 100 ಗ್ರಾಂ ರಸದಲ್ಲಿ ಸಾಮಾನ್ಯವಾಗಿ 200 ಮಿಲಿಗ್ರಾಂನಷ್ಟು, ಕೆಲವು ತಳಿಗಳಲ್ಲಿ ಅದಕ್ಕಿಂತಲೂ ಹೆಚ್ಚು, ‘ಸಿ’ ಜೀವಸತ್ವವಿದ್ದು, ಕಿತ್ತಳೆಯ ರಸವನ್ನು ಅದು ನಾಲ್ಕೈದು ಪಾಲು ಮೀರಿಸುತ್ತದೆ. ಬೀಜದಲ್ಲಾದರೋ ಈ ಜೀವಸತ್ವವು ಇಲ್ಲವೆಂದರೂ ಸರಿಯೆ. ಅದಕ್ಕೆ ಪ್ರತಿಯಾಗಿ, 100 ಗ್ರಾಂ ಗೇರುಬೀಜದ ತಿರುಳಿನಲ್ಲಿ ಸುಮಾರು 18 ಗ್ರಾಂ ಸಸಾರಜನಕ, ಸುಮಾರು 45 ಗ್ರಾಂ ಜಿಡ್ಡು, ಬೇಕಾದಷ್ಟು ಮೆಗ್ನೀಸಿಯಮ್, ಸತು, ತಾಮ್ರ ಮತ್ತು ಕಬ್ಬಿಣ, ಒಟ್ಟಿನಲ್ಲಿ 550ರಿಂದ 580 ಕಿಲೋ ಕ್ಯಾಲರಿಯ ಶಕ್ತಿ ಅಡಗಿರುತ್ತದೆ. ಹಣ್ಣಿನ ರಸದಲ್ಲಿ ಇವು ಬಹಳ ಅಲ್ಪ. ಪ್ರಕೃತಿಯು ಒಂದೇ ತೊಟ್ಟಿನಲ್ಲಿ ಇಟ್ಟ ಈ ಎರಡು ವಸ್ತುಗಳು ಪರಸ್ಪರ ಪ್ರತಿಸ್ಪರ್ಧಿಗಳಲ್ಲ. ಒಂದರಲ್ಲಿ ಇಲ್ಲದುದು ಇನ್ನೊಂದರಲ್ಲಿದೆ.

ಮನುಷ್ಯನು ಇವುಗಳಲ್ಲಿ ಆಯ್ಕೆ ಮಾಡಿದ್ದು ಪುಷ್ಟಿಯ ದೃಷ್ಟಿಯಿಂದಲೂ ಅಲ್ಲ, ರುಚಿಯ ದೃಷ್ಟಿಯಿಂದಲೂ ಅಲ್ಲ, ಪೇಟೆಯ ದರದಿಂದ. ಬೀಜವನ್ನು ಒಣಗಿಸಿ ಗೋಣಿಯಲ್ಲಿ ಕಟ್ಟಿಡಬಹುದು, ಹಡಗಿನಲ್ಲಿ ಕಳುಹಿಸಬಹುದು. ಹಣ್ಣೋ ಬಿದ್ದ ಮರುದಿನವೇ ಹುಳಿತು ಕೊಳೆಯಲಾರಂಭಿಸುತ್ತದೆ. ಆದಕಾರಣ ಕುಂದಾಪುರ, ಬೈಂದೂರು, ಕಾರ್ಕಳಗಳ ಕಾರ್ಖಾನೆಗಳಿಗೆ ಬೀಜವು ಹೋಗಿ, ಅಲ್ಲಿ ನೂರಾರು ಹೆಂಗಸರ ಕೈಗಳಿಂದ ಒಡೆಸಿಕೊಂಡು, ಸಿಪ್ಪೆ ಸುಲಿಸಿಕೊಂಡು, ದರ್ಜೆ ದರ್ಜೆಯಾಗಿ ವಿಂಗಡಿಸಲ್ಪಟ್ಟು ದೂರದೇಶಗಳಿಗೆ ಪ್ರಯಾಣ ಮಾಡುತ್ತದೆ. ಹಣ್ಣು ಮರದ ಬುಡದಲ್ಲಿಯೇ ಉಳಿದು ದನಗಳಿಗೂ ನೊಣಗಳಿಗೂ ಆಹಾರವಾಗುತ್ತದೆ. ಉಪ್ಪು ಹಚ್ಚಿ ಹಣ್ಣನ್ನು ಚೀಪುತ್ತಿದ್ದ ಮಕ್ಕಳು ಗಂಟಲು ಕೆರೆಯಿತೆಂದು ಬೈಸಿಕೊಳ್ಳುತ್ತಿದ್ದರೇ ಹೊರತು, ಅಷ್ಟೊಂದು ‘ಸಿ’ ಜೀವಸತ್ವವನ್ನು ಅವರು ಬಿಟ್ಟಿಯಾಗಿ ಪಡೆಯುತ್ತಿದ್ದರೆಂಬುದು ಯಾರಿಗೂ ಹೊಳೆದಿರಲಿಲ್ಲ.

ಗೇರಿನ ಪ್ರಸ್ತಾಪ ಬಂದಾಗ ಇನ್ನೊಂದು ಮಾತನ್ನೂ ನುಂಗಿಕೊಳ್ಳಲಾಗದು. ಕಾಸರಗೋಡಿನ ಎಣ್ಮಕಜೆಯಲ್ಲಿ, ಬೆಳ್ತಂಗಡಿ ತಾಲೂಕಿನ ಕೊಕ್ಕಡದಲ್ಲಿ, ಸರಕಾರದ ಗೇರು ತೋಟಗಳ ಮೇಲೆ ವರ್ಷಗಟ್ಟಲೆ ಆಕಾಶದಿಂದ ಸುರಿದ ಎಂಡೋಸಲ್ಫಾನ್ ಎಂಬ ವಿಷವು ಎಷ್ಟು ಮನೆಗಳಲ್ಲಿ ಏಳಲಾರದ ಮಕ್ಕಳನ್ನು ಉಳಿಸಿಹೋಯಿತೆಂಬುದು ಈ ಕರಾವಳಿಗೆ ಗೊತ್ತು. 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಅದನ್ನು ತಡೆಯಿತು. ಆಹಾರದ ಗುಣವನ್ನು ಗ್ರಾಂ ಮಿಲಿಗ್ರಾಂಗಳಲ್ಲಿ ಹೇಳತಕ್ಕ ಯಾವ ಕೋಷ್ಟಕದಲ್ಲಿಯೂ ಇಂಥ ಲೆಕ್ಕಕ್ಕೆ ಒಂದು ಕಲಮು ಇರುವುದಿಲ್ಲ.

ಈಗ ತಕ್ಕಡಿಯ ವಿಚಾರ. ಸಮಾನ ತೂಕದ ಎರಡು ವಸ್ತುಗಳನ್ನು ಎದುರುಬದುರು ಇಟ್ಟರೆ ಬೀಜವೇ ಗೆಲ್ಲುತ್ತದೆ, ಅದೂ ಸ್ಪರ್ಧೆಯೆಂದೇ ಅನ್ನಿಸದಷ್ಟು ಅಂತರದಿಂದ. ಬೂದುಗುಂಬಳದ ನೂರು ಪಾಲಿನಲ್ಲಿ ತೊಂಬತ್ತಾರು ಪಾಲು ನೀರು. ಅದರ ರಸದ ಒಂದು ದೊಡ್ಡ ಲೋಟದಲ್ಲಿ ಮೂವತ್ತು ಕಿಲೋ ಕ್ಯಾಲರಿಯಷ್ಟು ಶಕ್ತಿಯೂ ಒಂದು ಗ್ರಾಂ ಸಸಾರಜನಕವೂ ದೊರೆತರೆ ಅದೇ ಹೆಚ್ಚು. ಒಂದು ಹಿಡಿ, ಎಂದರೆ 30 ಗ್ರಾಂ ನೆಲಗಡಲೆಯಲ್ಲಿ ಏಳು ಗ್ರಾಂನಷ್ಟು ಸಸಾರಜನಕವೂ 170 ಕಿಲೋ ಕ್ಯಾಲರಿಯಷ್ಟು ಶಕ್ತಿಯೂ ಇರುತ್ತದೆ. ಆದರೆ ತೂಕವನ್ನು ಬಿಟ್ಟು, ಸಮಾನವಾದ ಶಕ್ತಿಗೆ ಯಾವುದರಲ್ಲಿ ಎಷ್ಟು ಸತ್ವವಿದೆಯೆಂದು ಕೇಳಿದರೆ, ಅದೇ ತಕ್ಕಡಿ ತಲೆಕೆಳಗಾಗುತ್ತದೆ. 100 ಕಿಲೋ ಕ್ಯಾಲರಿಯ ಲೆಕ್ಕದಲ್ಲಿ ಹರಿವೆಸೊಪ್ಪು ಗೇರುಬೀಜಕ್ಕಿಂತ ಮೂರು ಪಾಲಿನಷ್ಟು ಸಸಾರಜನಕವನ್ನೂ, ಹೋಲಿಕೆಗೇ ಸಿಗದಷ್ಟು ಸುಣ್ಣದ ಅಂಶವನ್ನೂ, ‘ಎ’ ಜೀವಸತ್ವವಾಗಿ ಮಾರ್ಪಡತಕ್ಕ ಕೆರೋಟಿನನ್ನೂ ಕೊಡುತ್ತದೆಂದು ಹೇಳಿದರೆ ನಂಬುವವರು ವಿರಳ; ಆದರೂ ಲೆಕ್ಕವು ಹಾಗೆಯೇ ಇದೆ. ಇದನ್ನು ಹಿಡಿದುಕೊಂಡು ತರಕಾರಿಯ ಪಕ್ಷದವರು ಜಯಘೋಷ ಮಾಡುವುದಕ್ಕೆ ಮುಂಚೆ, ಆ 100 ಕಿಲೋ ಕ್ಯಾಲರಿಗಾಗಿ 300ರಿಂದ 400 ಗ್ರಾಂ ಸೊಪ್ಪನ್ನು ಒಬ್ಬರೇ ತಿನ್ನಬೇಕಾಗುತ್ತದೆಂಬುದನ್ನೂ, ಗೇರುಬೀಜವಾದರೆ ಹದಿನೆಂಟು ಗ್ರಾಂ ಸಾಕೆಂಬುದನ್ನೂ ನೆನೆಯುವುದೊಳಿತು.

ಎಂದ ಮೇಲೆ, ಯಾವ ತಕ್ಕಡಿ ಸರಿ? ಎರಡೂ ಅಲ್ಲ. ಉಣ್ಣುವವನ ಎಲೆಯಲ್ಲಿ ಈಗಾಗಲೇ ಏನಿದೆ, ಯಾವುದರ ಕೊರತೆಯಿದೆ ಎಂಬುದೇ ಸರಿಯಾದ ತಕ್ಕಡಿ. ಹಿಮಪ್ರದೇಶದಲ್ಲಿ ಮಾಂಸ ಗಿಣ್ಣುಗಳನ್ನು ತಿಂದು ಕುಳಿತಿರತಕ್ಕ ಸ್ಥೂಲಕಾಯನಿಗೆ ಸೊಪ್ಪಿನ ಅಭಾವವಿರಬಹುದು; ಅವನಿಗೆ ತರಕಾರಿಯ ಪ್ರಶಂಸೆಯನ್ನು ಮಾಡಿದರೆ ಅದು ಯುಕ್ತವೇ. ನಮ್ಮ ಕಡೆಯ ಸಾಧಾರಣ ಗೃಹಸ್ಥನ ಊಟವನ್ನು ನೋಡಿದರೆ, ಅದರಲ್ಲಿ ಅನ್ನಕ್ಕೂ ನೀರಿಗೂ ಬರವಿಲ್ಲ. ಕುಚ್ಚಲಕ್ಕಿಯೂ ಸಾಮಾನ್ಯ ವಸ್ತುವಲ್ಲ. ಭತ್ತವನ್ನು ಬೇಯಿಸುವಾಗ ತೌಡಿನಲ್ಲಿರುವ ‘ಬಿ’ ಜೀವಸತ್ವಗಳು ಕಾಳಿನ ಒಳಕ್ಕೆ ಇಳಿದು ನೆಲೆಸುವುದರಿಂದ, ಬೆಳ್ತಿಗೆ ಅಕ್ಕಿಯನ್ನು ನಯವಾಗಿ ಪಾಲಿಶು ಮಾಡಿಸಿ ಉಣ್ಣುವವರನ್ನು ಕಾಡುತ್ತಿದ್ದ ಬೆರಿಬೆರಿಯು ಕುಚ್ಚಲಕ್ಕಿಯವರ ಹತ್ತಿರ ಸುಳಿಯುತ್ತಿರಲಿಲ್ಲ. (ಆ ರೋಗದ ವಿಚಾರಣೆಗಾಗಿಯೇ 1918ರಲ್ಲಿ ಕೂನೂರಿನ ಒಂದು ಕೊಠಡಿಯಲ್ಲಿ ರಾಬರ್ಟ್ ಮ್ಯಾಕ್‌ಕ್ಯಾರಿಸನ್ ಆರಂಭಿಸಿದ ಪ್ರಯೋಗಶಾಲೆಯೇ ಬೆಳೆದು, 1958ರಲ್ಲಿ ಹೈದರಾಬಾದಿಗೆ ಹೋಗಿ, ಇಂದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯಾಗಿದೆ.) ಇಷ್ಟಾದರೂ, ಮೀನು ತಿನ್ನದವರ ಮನೆಯಲ್ಲಿ, ಬೇಳೆ ಹಾಲುಗಳು ಮಿತವಾಗಿರುವಲ್ಲಿ, ಅನ್ನಪ್ರಧಾನವಾದ ಎಲೆಗೆ ಬೇಕಾಗಿರುವುದು ಸಸಾರಜನಕ, ಒಳ್ಳೆಯ ಜಾತಿಯ ಜಿಡ್ಡು, ಸತು, ಮೆಗ್ನೀಸಿಯಮ್ ಮೊದಲಾದ ಲವಣಗಳು. ಬೂದುಗುಂಬಳದ ನೀರು ಈ ಕೊರತೆಯಲ್ಲಿ ಒಂದನ್ನೂ ತುಂಬುವುದಿಲ್ಲ. ಬೀಜವು ಬಹುಪಾಲನ್ನು ತುಂಬುತ್ತದೆ.

ತರಕಾರಿ ಬೇಡವೆಂದು ಇದರ ಅರ್ಥವಲ್ಲ. ಬೇಕು, ಈಗ ತಿನ್ನುತ್ತಿರುವುದಕ್ಕಿಂತ ಹೆಚ್ಚಾಗಿಯೇ ಬೇಕು. ನನ್ನ ಆಕ್ಷೇಪಣೆಯಿರುವುದು ಅದನ್ನು ರಸವನ್ನಾಗಿ ಮಾಡುವ ಕ್ರಮಕ್ಕೆ. ಸಸ್ಯದ ಒಂದೊಂದು ಜೀವಕೋಶಕ್ಕೂ ಒಂದು ಗೋಡೆಯಿರುತ್ತದೆ; ನಾವು ನಾರು ಎಂದು ಕರೆಯುವುದರ ಬಹುಭಾಗವೂ ಈ ಗೋಡೆಗಳೇ. ಹಲ್ಲಿನಿಂದ ಅಗಿದು ನುಂಗಿದಾಗ ಕೆಲವು ಗೋಡೆಗಳು ಒಡೆಯುತ್ತವೆ, ಹಲವು ಹಾಗೆಯೇ ಉಳಿಯುತ್ತವೆ. ಉಳಿದವು ಒಳಗಿನ ಸಕ್ಕರೆಯನ್ನು ನಿಧಾನವಾಗಿ ಬಿಟ್ಟುಕೊಡುತ್ತ, ಹೊಟ್ಟೆ ತುಂಬಿದ ಭಾವವನ್ನು ಉಂಟುಮಾಡುತ್ತ, ಕೊನೆಗೆ ದೊಡ್ಡ ಕರುಳಿನಲ್ಲಿ ವಾಸಿಸತಕ್ಕ ಹಿತಕರವಾದ ಸೂಕ್ಷ್ಮಜೀವಿಗಳಿಗೆ ಆಹಾರವಾಗುತ್ತವೆ. ಮಿಕ್ಸಿಯ ಅಲಗು ಈ ಗೋಡೆಗಳನ್ನೆಲ್ಲ ಕೆಡವುತ್ತದೆ, ಜರಡಿಯು ಅವುಗಳನ್ನು ಹೊರಗೆ ಚೆಲ್ಲುತ್ತದೆ. 100 ಗ್ರಾಂ ಹಸಿ ಗಜ್ಜರಿಯಲ್ಲಿ ಮೂರು ಗ್ರಾಂಗೆ ಸಮೀಪವಾದ ನಾರು ಇದ್ದರೆ, ಅಷ್ಟೇ ತೂಕದ ಅದರ ರಸದಲ್ಲಿ ಒಂದು ಗ್ರಾಂ ಕೂಡ ಉಳಿಯುವುದಿಲ್ಲ. ಸಕ್ಕರೆ ಮಾತ್ರ ತನ್ನ ಪಾಲನ್ನು ಬಿಟ್ಟುಕೊಡದೆ ಲೋಟಕ್ಕೆ ಇಳಿದಿರುತ್ತದೆ. ಸೌತೆ, ಕುಂಬಳ ಮುಂತಾದ ಬಳ್ಳಿಯ ಕಾಯಿಗಳಲ್ಲಿ ‘ಸಿ’ ಜೀವಸತ್ವವನ್ನು ನಾಶಮಾಡತಕ್ಕ ಒಂದು ಕಿಣ್ವವೂ ಇದ್ದು, ಕೋಶಗಳು ಒಡೆದೊಡನೆ ಅದು ಬಿಡುಗಡೆಯಾಗಿ, ಗಾಳಿಯ ಸಂಪರ್ಕದಲ್ಲಿ ತನ್ನ ಕೆಲಸವನ್ನು ಆರಂಭಿಸುತ್ತದೆ. ಬೆಳಗ್ಗೆ ಹಿಂಡಿ ಫ್ರಿಜ್ಜಿನಲ್ಲಿಟ್ಟು ಸಂಜೆ ಕುಡಿಯುವವರು ಇದನ್ನು ಲಕ್ಷ್ಯದಲ್ಲಿಡಬೇಕು.

ಸ್ವಾರಸ್ಯವೇನೆಂದರೆ, ರಸದ ದೋಷಕ್ಕೆ ಕಾರಣವಾದ ಅದೇ ಗೋಡೆಯೇ ಬೀಜದ ಗುಣಕ್ಕೂ ಕಾರಣ. ಬೀಜ ತಿಂದರೆ ದಪ್ಪಗಾಗುವೆವೆಂಬ ಭಯವು ಜನರಲ್ಲಿ ಬಲವಾಗಿದೆ. ಅರ್ಧಕ್ಕರ್ಧ ಜಿಡ್ಡೇ ಆಗಿರತಕ್ಕ ವಸ್ತುವಿನ ವಿಷಯದಲ್ಲಿ ಆ ಭಯವು ಅಸಹಜವೂ ಅಲ್ಲ. ಆದರೆ ಇಡಿಯ ಬಾದಾಮಿಯನ್ನು ಎಷ್ಟು ಅಗಿದರೂ ಅದರ ಎಷ್ಟೋ ಕೋಶಗಳು ಒಡೆಯದೆ, ಒಳಗಿನ ಜಿಡ್ಡನ್ನು ಬಿಟ್ಟುಕೊಡದೆ, ಶರೀರದಿಂದ ಹೊರಬೀಳುತ್ತವೆ. ಅಮೆರಿಕದ ಕೃಷಿ ಇಲಾಖೆಯ ವಿಜ್ಞಾನಿಗಳು 2012ರಲ್ಲಿ ಪ್ರಕಟಿಸಿದ ಅಳತೆಯ ಪ್ರಕಾರ, ಬಾದಾಮಿಯಿಂದ ದೇಹಕ್ಕೆ ನಿಜವಾಗಿ ದಕ್ಕುವ ಶಕ್ತಿಯು ಕೋಷ್ಟಕದಲ್ಲಿ ಹೇಳಿದುದಕ್ಕಿಂತ ಸುಮಾರು ನಾಲ್ಕರಲ್ಲಿ ಒಂದು ಪಾಲಿನಷ್ಟು ಕಡಿಮೆ. ಇದಕ್ಕೆ ತಕ್ಕಂತೆ, ಅಭ್ಯಾಸವಾಗಿ ಬೀಜ ತಿನ್ನುವವರು ತಿನ್ನದವರಿಗಿಂತ ಸ್ಥೂಲರೆಂದು ದೊಡ್ಡ ಸಮೀಕ್ಷೆಗಳಲ್ಲಿ ಕಂಡುಬಂದಿಲ್ಲ. ಎಣ್ಣೆಯಲ್ಲಿ ಕರಿದು, ಉಪ್ಪು ಖಾರ ಸವರಿ, ಸಂಜೆಯ ಹರಟೆಯಲ್ಲಿ ತಟ್ಟೆ ಬರಿದಾಗುವವರೆಗೂ ಮೆಲ್ಲುವ ಗೇರುಬೀಜಕ್ಕೆ ಈ ವಿನಾಯಿತಿ ಅನ್ವಯಿಸದು.

ರಸದ ಪಕ್ಷದಲ್ಲಿ ಹೇಳತಕ್ಕ ಮಾತುಗಳು ಇಲ್ಲದೆ ಇಲ್ಲ. ಹಲ್ಲು ಬಿದ್ದ ವೃದ್ಧರಿಗೆ, ಜ್ವರದಿಂದ ಎದ್ದು ಘನಪದಾರ್ಥವನ್ನು ಒಲ್ಲದವರಿಗೆ, ತರಕಾರಿಯನ್ನು ಯಾವ ರೂಪದಲ್ಲಿಯೂ ಮುಟ್ಟೆನೆಂದು ಹಟ ಹಿಡಿದವರಿಗೆ ಅದು ಉಪಾಯವಾಗಬಹುದು. ಬೀಟ್‌ರೂಟಿನ ರಸವು ಅದರಲ್ಲಿರುವ ನೈಟ್ರೇಟಿನ ದೆಸೆಯಿಂದ ರಕ್ತದೊತ್ತಡವನ್ನು ಅಲ್ಪಸ್ವಲ್ಪ ಇಳಿಸುವುದೆಂಬುದಕ್ಕೆ ಪ್ರಯೋಗಗಳ ಆಧಾರವಿದೆ. ಗಜ್ಜರಿಯ ರಸದ ಒಂದು ಲೋಟವು, ಲೆಕ್ಕದ ಮಟ್ಟಿಗೆ, ಎರಡು ದಿನಗಳಿಗೆ ಬೇಕಾದುದಕ್ಕಿಂತಲೂ ಹೆಚ್ಚು ‘ಎ’ ಜೀವಸತ್ವವನ್ನು ಒದಗಿಸಬಲ್ಲುದು. ಇವನ್ನೆಲ್ಲ ಒಪ್ಪಬಹುದು. ಒಪ್ಪಲಾಗದುದು, ಬರಿಹೊಟ್ಟೆಯಲ್ಲಿ ಕುಡಿದ ಹಸಿರು ನೀರು ರಕ್ತವನ್ನು ತೊಳೆಯುತ್ತದೆ, ಕಲ್ಮಷವನ್ನು ಕಳೆಯುತ್ತದೆ ಎಂಬ ಪುರಾಣ. ಆ ಕೆಲಸವನ್ನು ಯಕೃತ್ತೂ ಮೂತ್ರಪಿಂಡಗಳೂ ಯಾರ ಲೋಟವನ್ನೂ ಕಾಯದೆ ಹಗಲಿರುಳೂ ಮಾಡುತ್ತಿರುತ್ತವೆ. ಅತಿಯಾಗಿ ಕುಡಿದ ಪಾಲಕಿನ ರಸವು ಅದರಲ್ಲಿರುವ ಆಕ್ಸಲೇಟಿನಿಂದಾಗಿ ಆ ಮೂತ್ರಪಿಂಡಗಳನ್ನೇ ಕೆಡಿಸಿದ ಪ್ರಸಂಗಗಳು ವೈದ್ಯಕೀಯ ಪತ್ರಿಕೆಗಳಲ್ಲಿ ದಾಖಲಾಗಿವೆ. ಸೋರೆಕಾಯಿಯ ಕಹಿರಸವನ್ನು ಔಷಧಿಯೆಂದು ನಂಬಿ ಕುಡಿದು 2010ರಲ್ಲಿ ದೆಹಲಿಯಲ್ಲಿ ಒಬ್ಬ ವಿಜ್ಞಾನಿಯೇ ಪ್ರಾಣ ಬಿಡಬೇಕಾಯಿತು. ಅನಂತರ ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತು ತಜ್ಞರ ಸಮಿತಿಯನ್ನು ನೇಮಿಸಿ, ಕಹಿಯಾದ ಸೋರೆಯ ರಸವನ್ನು ಸರ್ವಥಾ ಕುಡಿಯಕೂಡದೆಂದು ಎಚ್ಚರಿಸಿತು. ಅಡಿಗೆಯಲ್ಲಾದರೆ ಕಹಿ ಸೋರೆಯನ್ನು ಮೊದಲ ತುತ್ತಿಗೇ ಉಗುಳಿಬಿಡುತ್ತಿದ್ದರು. ಕಹಿಯೇ ಗುಣವೆಂದು ಬೋಧಿಸಲ್ಪಟ್ಟವನು ಮಾತ್ರ ಅದನ್ನು ಮೂಗು ಹಿಡಿದು ನುಂಗುತ್ತಾನೆ.

ಕಹಿರಸವನ್ನು ಕುಡಿಯುವ ಸಂಪ್ರದಾಯ ನಮ್ಮಲ್ಲಿಯೇ ಇಲ್ಲವೆ ಎಂದು ಕೇಳಬಹುದು. ಇದೆ. ಆಟಿಯ ಅಮಾವಾಸ್ಯೆಯಂದು ಹಾಲೆಮರದ ಕೆತ್ತೆಯನ್ನು ನಸುಕಿನಲ್ಲಿ ತಂದು, ಓಮ, ಕರಿಮೆಣಸು, ಬೆಳ್ಳುಳ್ಳಿಗಳೊಡನೆ ಅರೆದು ಕುಡಿಯತಕ್ಕ ಕಷಾಯವನ್ನು ತುಳುನಾಡಿನಲ್ಲಿ ಅರಿಯದವರಿಲ್ಲ. ಆದರೆ ಅದರ ಕಟ್ಟುಪಾಡನ್ನು ಗಮನಿಸಬೇಕು: ವರ್ಷಕ್ಕೆ ಒಂದೇ ದಿನ, ಸಣ್ಣ ಪ್ರಮಾಣ, ಅದರ ಉಷ್ಣವನ್ನು ತಗ್ಗಿಸಲು ಹಿಂದೆಯೇ ಮೆಂತೆಯ ಗಂಜಿ. ಮರವನ್ನು ಗುರುತಿಸಬಲ್ಲ ಹಿರಿಯರೇ ಕೆತ್ತೆಯನ್ನು ತರಬೇಕೆಂಬ ನಿಯಮಕ್ಕೂ ಕಾರಣವಿದ್ದಿತು. ಹಾಲೆಯೆಂದು ಭ್ರಮಿಸಿ ಕಾಸರಕದ ತೊಗಟೆಯನ್ನು ತಂದರೆ ಕಷಾಯವು ವಿಷವಾಗುತ್ತದೆ. ನಮ್ಮ ಹಿರಿಯರು ರಸವನ್ನು ಮದ್ದೆಂದು ತಿಳಿದಿದ್ದರು, ಆಹಾರವೆಂದು ತಿಳಿದಿರಲಿಲ್ಲ. ಮದ್ದನ್ನು ನಿತ್ಯದ ಉಪಾಹಾರವನ್ನಾಗಿ ಮಾಡಿದ್ದು ನಮ್ಮ ಕಾಲದ ಸಾಹಸ.

ಬೀಜವೂ ನಿರಪಾಯವಾದುದಲ್ಲ. ನಾಲ್ಕು ತಿಂಗಳು ಎಡೆಬಿಡದೆ ಮಳೆ ಸುರಿಯತಕ್ಕ ಈ ಪ್ರಾಂತದಲ್ಲಿ, ಸರಿಯಾಗಿ ಒಣಗದ ನೆಲಗಡಲೆಗೆ ಬೂಷ್ಟು ಹಿಡಿಯುವುದು ಬಹಳ ಸುಲಭ. ಆ ಬೂಷ್ಟುಗಳಲ್ಲಿ ಒಂದು ಜಾತಿಯು ಉತ್ಪಾದಿಸುವ ಅಫ್ಲಟಾಕ್ಸಿನ್ ಎಂಬ ವಿಷವು ಯಕೃತ್ತಿನ ಕ್ಯಾನ್ಸರಿಗೆ ಕಾರಣವಾಗುತ್ತದೆ. 1960ರಲ್ಲಿ ಇಂಗ್ಲೆಂಡಿನಲ್ಲಿ ಅಂಥ ನೆಲಗಡಲೆ ಹಿಂಡಿಯನ್ನು ತಿಂದು ಲಕ್ಷದಷ್ಟು ಟರ್ಕಿ ಕೋಳಿಗಳು ಸತ್ತಾಗಲೇ ಅದು ಬೆಳಕಿಗೆ ಬಂದದ್ದು. ಹುರಿದರೂ ಬೇಯಿಸಿದರೂ ಅದು ಪೂರ್ಣವಾಗಿ ಹೋಗುವುದಿಲ್ಲವಾದುದರಿಂದ, ಕಪ್ಪಾದ, ಸುಕ್ಕುಗಟ್ಟಿದ, ಕಮಟು ವಾಸನೆಯ ಕಾಳನ್ನು ಮಿತವ್ಯಯದ ನೆಪದಿಂದ ಉಳಿಸಿಕೊಳ್ಳದೆ ಎಸೆಯಬೇಕು. ಚಿಕ್ಕ ಮಕ್ಕಳ ಗಂಟಲಲ್ಲಿ ಇಡಿಯ ಕಾಳು ಸಿಕ್ಕಿಕೊಳ್ಳುವ ಅಪಾಯ, ಕೆಲವರ ದೇಹಕ್ಕೆ ಬೀಜವೇ ಒಗ್ಗದಿರುವ ತೊಂದರೆ, ಇವೂ ಉಂಟು. ಅತಿಯಾದರೆ ಆಗುವ ಕೇಡಿಗೆ ಗಾಂಧೀಜಿಯವರ ಅನುಭವವೇ ಉದಾಹರಣೆ: 1918ರಲ್ಲಿ ಖೇಡಾ ಜಿಲ್ಲೆಯಲ್ಲಿ ನೆಲಗಡಲೆಯ ಬೆಣ್ಣೆ ಮತ್ತು ನಿಂಬೆಹಣ್ಣುಗಳನ್ನೇ ಮುಖ್ಯವಾಗಿ ನಂಬಿಕೊಂಡು ಊರೂರು ಸುತ್ತುತ್ತಿದ್ದ ಅವರು, ಆ ಬೆಣ್ಣೆಯನ್ನು ಹೆಚ್ಚಾಗಿ ತಿಂದು ಆಮಶಂಕೆಗೆ ಈಡಾಗಿ ಸಾವಿನ ಬಾಗಿಲವರೆಗೆ ಹೋಗಿಬಂದುದನ್ನು ತಮ್ಮ ಆತ್ಮಕಥೆಯಲ್ಲಿ ಮುಚ್ಚುಮರೆಯಿಲ್ಲದೆ ಹೇಳಿಕೊಂಡಿದ್ದಾರೆ.

ಆದಾಗ್ಯೂ ಆ ಮಹಾತ್ಮರ ತಟ್ಟೆಯಲ್ಲಿ ನೆಲಗಡಲೆಯ ಪಕ್ಕದಲ್ಲಿ ನಿಂಬೆಯಿತ್ತೆಂಬುದು ವಿವೇಕದ ಸಂಗತಿಯೇ ಆಗಿದೆ. ಬೀಜಗಳಲ್ಲಿ ಕಬ್ಬಿಣವಿದ್ದರೂ, ಅದರೊಡನೆಯೇ ಇರತಕ್ಕ ಫೈಟೇಟ್ ಎಂಬ ಪದಾರ್ಥವು ಅದನ್ನು ಹಿಡಿದಿಟ್ಟುಕೊಂಡು ರಕ್ತಕ್ಕೆ ಸೇರಗೊಡುವುದಿಲ್ಲ. ಅದೇ ಊಟದಲ್ಲಿ ‘ಸಿ’ ಜೀವಸತ್ವವಿದ್ದರೆ ಈ ಹಿಡಿತವು ಸಡಿಲವಾಗುತ್ತದೆ. ಇತ್ತ ಸೊಪ್ಪು ಗಜ್ಜರಿಗಳ ಕೆರೋಟಿನ್ ಜಿಡ್ಡಿನಲ್ಲಿ ಮಾತ್ರ ಕರಗತಕ್ಕದ್ದಾದುದರಿಂದ, ಜಿಡ್ಡಿಲ್ಲದ ಬರಿಯ ರಸವನ್ನು ಕುಡಿದವನಿಗೆ ಅದರ ಬಹುಪಾಲು ದಕ್ಕದೆ ಹೋಗುತ್ತದೆ. ಅರ್ಥಾತ್, ಬೀಜಕ್ಕೆ ತರಕಾರಿಯ ಸಹಾಯ ಬೇಕು, ತರಕಾರಿಗೆ ಬೀಜದ ಸಹಾಯ ಬೇಕು. ಬೆಳಗ್ಗೆ ಆರು ಗಂಟೆಗೆ ಒಂದನ್ನೂ ಸಂಜೆ ಆರು ಗಂಟೆಗೆ ಇನ್ನೊಂದನ್ನೂ ಸೇವಿಸತಕ್ಕ ಇಂದಿನ ಶಿಸ್ತುಗಾರನು ಎರಡರ ಪ್ರಯೋಜನವನ್ನೂ ಅರ್ಧಕ್ಕೆ ಇಳಿಸಿಕೊಳ್ಳುತ್ತಾನೆ. ಕುಂದಾಪುರ ಬ್ರಹ್ಮಾವರಗಳ ಅಡಿಗೆಮನೆಯು ಈ ರಸಾಯನಶಾಸ್ತ್ರವನ್ನು ಓದದೆಯೇ ಅನುಷ್ಠಾನಕ್ಕೆ ತಂದಿತ್ತು. ಒಂದೆಲಗವನ್ನೋ ದೊಡ್ಡಪತ್ರೆಯನ್ನೋ ತೆಂಗಿನಕಾಯಿಯೊಡನೆ ನುಣ್ಣಗೆ ಅರೆದು ಮಜ್ಜಿಗೆಯಲ್ಲಿ ಕದಡಿದ ತಂಬುಳಿಯು ಸೊಪ್ಪಿನ ರಸವಲ್ಲದೆ ಮತ್ತೇನು? ಆದರೆ ಅದರಲ್ಲಿ ಸೋಸುವುದಿಲ್ಲ, ನಾರು ಹೋಗುವುದಿಲ್ಲ, ಕಾಯಿಯ ಜಿಡ್ಡೂ ಮಜ್ಜಿಗೆಯ ಸಸಾರಜನಕವೂ ಜೊತೆಗಿರುತ್ತವೆ, ಮತ್ತು ಅದು ಅನ್ನದೊಡನೆ ಬರುತ್ತದೆ. ಸಮಾರಂಭದ ಊಟಗಳಲ್ಲಿ ಮೊದಲು ಮುಗಿಯತಕ್ಕ ತೊಂಡೆಕಾಯಿ ಗೇರುಬೀಜದ ಪಲ್ಯವಂತೂ, ಈ ಲೇಖನವು ಇಷ್ಟುದ್ದಕ್ಕೆ ವಾದಿಸಿದುದನ್ನು ಒಂದು ಸೌಟಿನಲ್ಲಿ ಬಡಿಸಿಬಿಡುತ್ತದೆ. ತೆಂಗಿನಕಾಯಿಯನ್ನು ಬಾದಾಮಿಯ ಸಾಲಿನಲ್ಲಿ ನಿಲ್ಲಿಸುವುದು ಮಾತ್ರ ಸರಿಯಲ್ಲ. ಅದರ ಸಸಾರಜನಕ ಸ್ವಲ್ಪ, ಜಿಡ್ಡಿನ ಬಹುಭಾಗವು ಗಡಸು ಜಾತಿಯದು. ಹಲಸಿನ ಬೀಜವನ್ನೂ ಹೆಸರಿನ ಸಾಮ್ಯದಿಂದ ಇಲ್ಲಿ ಎಳೆದು ತರುವವರಿದ್ದಾರೆ. ಅದು ಬಹುಪಾಲು ಪಿಷ್ಟವೇ ಆಗಿ, ಗೆಣಸಿನ ಕುಟುಂಬಕ್ಕೆ ಹತ್ತಿರವಾದುದು.

ಬೆಲೆಯ ಪ್ರಶ್ನೆ ಉಳಿಯಿತು. ಬಾದಾಮಿ ಅಕ್ರೋಟುಗಳ ದರವನ್ನು ಕೇಳಿ ಹಿಂದೆಗೆದವರು, ಬೀಜವು ಶ್ರೀಮಂತರ ಆಹಾರ, ತರಕಾರಿಯೇ ಬಡವರ ಗತಿ ಎಂದು ನಿಶ್ಚಯಿಸಿಕೊಂಡುಬಿಡುತ್ತಾರೆ. ಅವರ ದೃಷ್ಟಿಗೆ ಬೀಳದಿರುವುದು ನೆಲಗಡಲೆ. ಕೋಟ, ಸಾಲಿಗ್ರಾಮಗಳ ಕಡೆಯ ಮರಳುಮಿಶ್ರಿತವಾದ ಗದ್ದೆಗಳಲ್ಲಿ ಮಳೆಗಾಲದ ಭತ್ತದ ಕೊಯ್ಲಾದ ಮೇಲೆ ಬೆಳೆಯತಕ್ಕ ಈ ಕಾಳು ಸಸ್ಯಶಾಸ್ತ್ರಜ್ಞನಿಗೆ ದ್ವಿದಳ ಧಾನ್ಯ. ಅಡಿಗೆಯವನಿಗೂ ಆಹಾರತಜ್ಞನಿಗೂ ಬೀಜವೇ. ಸಸಾರಜನಕದಲ್ಲಿ ಅದು ಬಾದಾಮಿಯನ್ನೂ ಗೇರುಬೀಜವನ್ನೂ ಮೀರಿಸುತ್ತದೆ. ನಯಾಸಿನ್, ಫೋಲೇಟ್ ಎಂಬ ಜೀವಸತ್ವಗಳಲ್ಲಿ ಇನ್ನೂ ಮುಂದಿದೆ. ‘ಇ’ ಜೀವಸತ್ವದಲ್ಲಿ ಬಾದಾಮಿಗೆ ಸೋಲುತ್ತದೆ. ಬೆಲೆಯೋ ಅವುಗಳ ಒಂದು ಸಣ್ಣ ಪಾಲು. 1950ರಲ್ಲಿ ಮೈಸೂರಿನ ಚೆಲುವಾಂಬಾ ವಿಲಾಸದಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಆರಂಭವಾದಾಗ, ಅನ್ನಾಭಾವದಿಂದ ನರಳುತ್ತಿದ್ದ ದೇಶಕ್ಕೆ ಅಗ್ಗದ ಪುಷ್ಟಿಯನ್ನು ಒದಗಿಸುವುದು ಹೇಗೆಂದು ಅದರ ಪ್ರಥಮ ನಿರ್ದೇಶಕರಾದ ಡಾ. ವಿ. ಸುಬ್ರಹ್ಮಣ್ಯನ್ ಅವರೂ ಅವರ ಸಹೋದ್ಯೋಗಿಗಳೂ ಆಲೋಚಿಸಿ, ಮುಕ್ಕಾಲು ಪಾಲು ನೆಲಗಡಲೆಯ ಹಿಟ್ಟನ್ನೂ ಕಾಲು ಪಾಲು ಕಡಲೆಯ ಹಿಟ್ಟನ್ನೂ ಸೇರಿಸಿ, ಮೇಲೆ ಜೀವಸತ್ವ ಲವಣಗಳನ್ನು ಬೆರಸಿ, ಬಹೂಪಯೋಗಿ ಆಹಾರವೆಂಬುದನ್ನು ಸಿದ್ಧಪಡಿಸಿದರು. ಹಾಲು ಸಾಲದಿರುವಲ್ಲಿ ಅದು ಹೆಚ್ಚು ಜನರಿಗೆ ಒದಗಿಬರುವಂತೆ ಮಾಡಲು ನೆಲಗಡಲೆಯ ಸಸಾರಜನಕದಿಂದ ‘ಮಿಲ್ಟೋನ್’ ಎಂಬ ಪಾನೀಯವನ್ನೂ ಆ ಸಂಸ್ಥೆಯೇ ಹೊರತಂದಿತು. ಹಸಿದ ಜನಕ್ಕೆ ಏನು ಕೊಡಬೇಕೆಂಬ ಪ್ರಶ್ನೆ ಎದುರಾದಾಗ ನಮ್ಮ ವಿಜ್ಞಾನಿಗಳ ಕೈ ತಾನಾಗಿ ಹೋದದ್ದು ನೆಲಗಡಲೆಯ ಮೇಲೆ.

ಹೊಟ್ಟೆ ತುಂಬಿದ ದೇಶಗಳ ಅನುಭವವೂ ಇದಕ್ಕೆ ವಿರುದ್ಧವಾಗಿಲ್ಲ. ಕ್ಯಾಲಿಫೋರ್ನಿಯದ ಅಡ್ವೆಂಟಿಸ್ಟ್ ಪಂಥದವರನ್ನು ವರ್ಷಗಟ್ಟಲೆ ಗಮನಿಸಿ 1992ರಲ್ಲಿ ಹೊರಬಂದ ವರದಿಯು, ವಾರಕ್ಕೆ ನಾಲ್ಕು ಬಾರಿಗಿಂತ ಹೆಚ್ಚಾಗಿ ಬೀಜ ತಿನ್ನುವವರಲ್ಲಿ ಹೃದ್ರೋಗವು ಗಮನಾರ್ಹವಾಗಿ ಕಡಿಮೆಯೆಂದು ತೋರಿಸಿತು. ಸ್ಪೇನಿನಲ್ಲಿ ಏಳು ಸಾವಿರಕ್ಕೂ ಹೆಚ್ಚು ಜನರ ಮೇಲೆ ನಡೆದು 2013ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ದಿನಕ್ಕೆ 30 ಗ್ರಾಂ ಮಿಶ್ರ ಬೀಜಗಳನ್ನು ಒಳಗೊಂಡ ಆಹಾರಕ್ರಮವನ್ನು ಅನುಸರಿಸಿದವರಲ್ಲಿ ಹೃದಯಾಘಾತ ಪಾರ್ಶ್ವವಾಯು ಮೊದಲಾದ ವಿಪತ್ತುಗಳು ನೂರಕ್ಕೆ ಮೂವತ್ತರಷ್ಟು ಕಡಿಮೆಯಾದುವು. ವಿಧಾನದಲ್ಲಿ ಲೋಪಗಳು ಕಂಡುಬಂದುದರಿಂದ ಆ ವರದಿಯನ್ನು ಹಿಂದೆಗೆದುಕೊಂಡು 2018ರಲ್ಲಿ ಪುನಃ ಪರಿಷ್ಕರಿಸಿ ಪ್ರಕಟಿಸಬೇಕಾಯಿತಾದರೂ, ಸಾರಾಂಶವು ಮಾರ್ಪಡಲಿಲ್ಲ. ಇಡಿಯ ತರಕಾರಿಯ ಪರವಾಗಿಯೂ ಇಷ್ಟೇ ದೊಡ್ಡ ಸಮೀಕ್ಷೆಗಳ ಸಾಕ್ಷ್ಯವಿದೆ. ಸೋಸಿದ ರಸದ ಪರವಾಗಿ ಇರುವುದು ಸಣ್ಣ ಪ್ರಯೋಗಗಳು, ದೊಡ್ಡ ಜಾಹೀರಾತುಗಳು.

ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತೂ ರಾಷ್ಟ್ರೀಯ ಪೋಷಣಾ ಸಂಸ್ಥೆಯೂ 2024ರಲ್ಲಿ ಹೊರಡಿಸಿದ ಆಹಾರ ಮಾರ್ಗದರ್ಶಿಯು 2000 ಕಿಲೋ ಕ್ಯಾಲರಿಯ ದಿನದ ಊಟದಲ್ಲಿ 400 ಗ್ರಾಂ ತರಕಾರಿ ಸೊಪ್ಪುಗಳಿಗೂ 35 ಗ್ರಾಂ ಬೀಜಗಳಿಗೂ ಸ್ಥಾನ ಕೊಟ್ಟಿದೆ. ಹಣ್ಣನ್ನು ಹಿಂಡದೆ ಇಡಿಯಾಗಿ ತಿನ್ನುವುದೇ ಲೇಸೆಂದೂ ಹೇಳಿದೆ. ಈ 400 ಗ್ರಾಂ ನಮ್ಮ ಹಿತ್ತಿಲಿನ ಬಸಳೆ, ಹರಿವೆ, ತೊಂಡೆ, ಹೀರೆ, ಅಲಸಂಡೆಗಳಿಂದ ಬರಲಿ. 35 ಗ್ರಾಂ ಬೀಜಕ್ಕಾಗಿ ಅಕ್ರೋಟಿನ ಡಬ್ಬಿಯನ್ನು ಕಾಯಬೇಕಾಗಿಲ್ಲ. ಸರಕಾರಿ ಶಾಲೆಗಳಲ್ಲಿ ಮೊಟ್ಟೆ ತಿನ್ನದ ಮಕ್ಕಳಿಗೆ ಬಾಳೆಹಣ್ಣನ್ನೋ ಶೇಂಗಾ ಚಿಕ್ಕಿಯನ್ನೋ ಕೊಡುವ ಏರ್ಪಾಡು ನಮ್ಮ ರಾಜ್ಯದಲ್ಲಿ ನಡೆದುದು ಎಲ್ಲರಿಗೂ ತಿಳಿದಿದೆ. ಬೆಲ್ಲದ ಚಿಕ್ಕಿಯ ಬದಲು ಬೇಯಿಸಿದ ನೆಲಗಡಲೆಯನ್ನೇ ಕೊಟ್ಟರೆ ಇನ್ನೂ ಲೇಸು. ಗೇರುಮರವಿರುವ ಮನೆಯವರಲ್ಲಿ ಒಂದು ವಿನಂತಿ: ಈ ಸಲ ಬೀಜವನ್ನು ಗೋಣಿಗೆ ತುಂಬಿ ಅಂಗಡಿಗೆ ಕಳುಹಿಸುವ ಮುಂಚೆ, ಮಳೆಗಾಲದಲ್ಲಿ ಮನೆಯ ಮಕ್ಕಳಿಗೆ ಸುಟ್ಟು ಕೊಡುವಷ್ಟನ್ನು ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ತೆಗೆದಿಡಿ, ಮರದ ಬುಡದಲ್ಲಿ ಬಿದ್ದಿರುವ ಹಣ್ಣುಗಳಲ್ಲಿ ಕೆಡದಿರುವುದನ್ನು ಆರಿಸಿ, ತೊಳೆದು ಹೋಳು ಮಾಡಿ, ಉಪ್ಪು ಸವರಿ ಅವರ ಮುಂದಿಡಿ.